ಸಬ್‌ವೂಫರ್‌ನ ಅದುರುವಿಕೆಗೆ ಚಪ್ಪಡಿ ಕಲ್ಲು: ಯಾವ ಲಕ್ಷಣಕ್ಕೆ ಉಪಯೋಗ, ಯಾವುದಕ್ಕೆ ವ್ಯರ್ಥ

ಮನೆಯಲ್ಲಿ ಸಬ್‌ವೂಫರ್ (ತಗ್ಗು ಸ್ವರಗಳನ್ನು ಮಾತ್ರ ನುಡಿಸುವ ಸ್ಪೀಕರ್ ಪೆಟ್ಟಿಗೆ) ಇಟ್ಟುಕೊಂಡವರಿಗೆ ಯಾರಾದರೊಬ್ಬರು ಕೊಟ್ಟೇ ಕೊಡುವ ಸಲಹೆಯೊಂದಿದೆ: ಅದರ ಅಡಿಗೆ ದಪ್ಪನೆಯ ಗ್ರಾನೈಟ್ ಚಪ್ಪಡಿ ಹಾಕಿ, ಅದುರುವುದು ನಿಲ್ಲುತ್ತದೆ. ಇಳಕಲ್ಲಿನ ಕೆಂಪು ಕಲ್ಲು, ಚಾಮರಾಜನಗರದ ಕರಿಕಲ್ಲು, ಸಾದರಹಳ್ಳಿಯ ಬೂದುಗಲ್ಲು ದೊರೆಯುವ ನಮ್ಮ ನಾಡಿನಲ್ಲಿ ಈ ಸಲಹೆಯನ್ನು ಪಾಲಿಸುವುದು ಕಷ್ಟವಲ್ಲ. ಅಡುಗೆಮನೆಯ ಕಟ್ಟೆಯಲ್ಲಿ ಸಿಂಕ್ ಕೂರಿಸುವುದಕ್ಕಾಗಿ ಕತ್ತರಿಸಿ ತೆಗೆದ ತುಂಡುಗಳು ಯಾವುದೇ ಊರಿನ ಗ್ರಾನೈಟ್ ಅಂಗಡಿಯ ಹಿತ್ತಲಿನಲ್ಲಿ ಒಂದಕ್ಕೊಂದು ಒರಗಿ ನಿಂತಿರುತ್ತವೆ, ಮತ್ತು ಅವುಗಳ ಅಳತೆ ಹೆಚ್ಚುಕಡಿಮೆ ಸಬ್‌ವೂಫರ್‌ನ ತಳಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಆದರೆ ಕಲ್ಲು ತರುವ ಮೊದಲು ತಿಳಿಯಬೇಕಾದ ಮಾತೊಂದಿದೆ. ನಾವು ಅದುರುವಿಕೆ ಎಂದು ಕರೆಯುವುದು ಒಂದೇ ದೋಷವಲ್ಲ. ಪೆಟ್ಟಿಗೆಯಿಂದ ನೆಲಕ್ಕೆ ಇಳಿಯುವ ಕಂಪನ ಒಂದು ಬಗೆ, ಗಾಳಿಯ ಮೂಲಕ ಹೋಗಿ ಕಿಟಕಿಯನ್ನೂ ಪಾತ್ರೆಯನ್ನೂ ಅಲುಗಿಸುವ ಸದ್ದು ಇನ್ನೊಂದು, ಯಂತ್ರದೊಳಗೇ ಹುಟ್ಟುವ ದೋಷ ಮತ್ತೊಂದು. ಕಲ್ಲಿನಿಂದ ಪ್ರಯೋಜನವಿರುವುದು ಮೊದಲನೆಯದಕ್ಕೆ ಮಾತ್ರ. ಅಲ್ಲಿಯೂ ಕಾಂಕ್ರೀಟ್ ನೆಲದ ಮೇಲೆ ಕಲ್ಲು ಒಂದೇ ಏನನ್ನೂ ಸಾಧಿಸುವುದಿಲ್ಲ, ಅದರ ಕೆಳಗೆ ಮೆತ್ತನೆಯದೊಂದು ಇರಲೇಬೇಕು. ಆದ್ದರಿಂದ ನಿಮ್ಮ ಮನೆಯಲ್ಲಿ ಕಾಣುವ ಲಕ್ಷಣ ಯಾವುದೆಂದು ಮೊದಲು ಗುರುತಿಸಿಕೊಂಡು, ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಿ.

ಲಕ್ಷಣ: ಕೆಲವು ಸ್ವರಗಳಿಗೆ ಮಾತ್ರ ಎಲ್ಲೋ ಏನೋ ಗಿರಗಿರ ಎನ್ನುತ್ತದೆ

ಮೃದಂಗದ ಒಂದು ಪೆಟ್ಟಿಗೆ, ಇಲ್ಲವೇ ಸಿನಿಮಾದ ಒಂದು ದೃಶ್ಯಕ್ಕೆ ಮಾತ್ರ ಕೋಣೆಯಲ್ಲಿ ಲೋಹ ಅಥವಾ ಗಾಜು ಅದುರಿದ ಸದ್ದು ಕೇಳಿದರೆ, ಅದು ಸಾಮಾನ್ಯವಾಗಿ ಸಬ್‌ವೂಫರ್‌ನ ತಪ್ಪಲ್ಲ. ಪ್ರತಿಯೊಂದು ವಸ್ತುವಿಗೂ ತಾನು ಸುಲಭವಾಗಿ ಕಂಪಿಸುವ ಆವೃತ್ತಿಯೊಂದಿರುತ್ತದೆ. ಸೆಕೆಂಡಿಗೆ ಎಷ್ಟು ಕಂಪನ ಎಂಬ ಈ ಲೆಕ್ಕವನ್ನು ಹರ್ಟ್ಸ್‌ನಲ್ಲಿ ಹೇಳುತ್ತಾರೆ. ಆ ಆವೃತ್ತಿಯ ಸದ್ದು ಬಂದಾಗ ಅದು ದನಿಗೂಡಿಸುತ್ತದೆ.

ಪತ್ತೆ ಮಾಡಲು ಫೋನಿನಲ್ಲಿ ಶುದ್ಧ ಸ್ವರವನ್ನು ಹೊರಡಿಸುವ ಯಾವುದಾದರೂ ಉಚಿತ ಆ್ಯಪ್ ಸಾಕು. ಆ ಸ್ವರ ಸಬ್‌ವೂಫರ್‌ನಲ್ಲಿ ನುಡಿಯುವಂತೆ ಫೋನನ್ನು ಜೋಡಿಸಿಕೊಳ್ಳಿ. ಸದ್ದನ್ನು ಕಡಿಮೆ ಇಟ್ಟು, 120 ಹರ್ಟ್ಸ್‌ನಿಂದ ಆರಂಭಿಸಿ ನಿಧಾನವಾಗಿ 25ರವರೆಗೆ ಇಳಿಸುತ್ತಾ ಬನ್ನಿ. ಶುದ್ಧ ಸ್ವರವನ್ನು ಜೋರಾಗಿ ಬಹಳ ಹೊತ್ತು ನುಡಿಸಿದರೆ ವಾಯ್ಸ್ ಕಾಯಿಲ್ (ಸ್ಪೀಕರಿನೊಳಗಿನ ತಂತಿಯ ಸುರುಳಿ) ಕಾದು ಸುಟ್ಟುಹೋಗಬಹುದಾದ್ದರಿಂದ ಪ್ರತಿ ಸ್ವರಕ್ಕೆ ಕೆಲವೇ ಸೆಕೆಂಡು ಸಾಕು. ಅದುರು ಕೇಳಿದ ಸ್ವರದಲ್ಲಿ ನಿಲ್ಲಿಸಿ, ಇನ್ನೊಬ್ಬರಿಗೆ ಫೋನ್ ಕೊಟ್ಟು, ನೀವು ಕೋಣೆಯನ್ನು ಸುತ್ತುತ್ತಾ ಒಂದೊಂದನ್ನೇ ಅಂಗೈಯಿಂದ ಒತ್ತಿ ನೋಡಿ. ಒತ್ತಿದಾಗ ಸದ್ದು ನಿಂತರೆ ಅದೇ ಮೂಲ. ನಮ್ಮ ಮನೆಗಳಲ್ಲಿ ಹೀಗೆ ಮತ್ತೆ ಮತ್ತೆ ಸಿಕ್ಕಿಬೀಳುವವು ಕಬ್ಬಿಣದ ಬೀರುವಿನ ಬಾಗಿಲು, ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯ ಪಟ್ಟಿ, ಷೋಕೇಸಿನ ಗಾಜು, ಟ್ಯೂಬ್‌ಲೈಟಿನ ಪಟ್ಟಿ, ಜಿಪ್ಸಂ ಚಾವಣಿಯೊಳಗೆ ಕೂರಿಸಿದ ದೀಪಗಳು ಮತ್ತು ಗೋಡೆಯಾಚೆಯ ಅಡುಗೆಮನೆಯಲ್ಲಿ ಒಂದರ ಮೇಲೊಂದು ಪೇರಿಸಿದ ಸ್ಟೀಲ್ ತಟ್ಟೆಗಳು. ಕಿಟಕಿಯ ಪಟ್ಟಿಗೆ ಉಣ್ಣೆಯ ಬೀಡಿಂಗ್, ಷೋಕೇಸಿನ ಗಾಜಿನ ಅಂಚಿಗೆ ಸಣ್ಣ ಫೆಲ್ಟ್ ತುಂಡು, ತಟ್ಟೆಗಳ ನಡುವೆ ಒಂದು ಬಟ್ಟೆ ಹಾಕಿದರೆ ಮುಗಿಯಿತು. ಇಲ್ಲಿ ಕಲ್ಲಿಗೆ ಕೆಲಸವಿಲ್ಲ.

ಇದೇ ಸುತ್ತಿನಲ್ಲಿ ನೆಲದ ಟೈಲ್ಸನ್ನೂ ಪರೀಕ್ಷಿಸಿ. ಸಬ್‌ವೂಫರ್ ಇರುವ ಜಾಗದ ಸುತ್ತ ನಾಣ್ಯದಿಂದ ತಟ್ಟಿದಾಗ ಒಂದು ಟೈಲ್ ಮಾತ್ರ ಟೊಳ್ಳಾಗಿ ನುಡಿದರೆ, ಅದರ ಕೆಳಗಿನ ಗಾರೆ ಬಿಟ್ಟುಕೊಂಡಿದೆ ಎಂದರ್ಥ. ಅಂಥ ಟೈಲ್ ತಾನೇ ಅದುರುತ್ತದೆ, ಮತ್ತು ಅದರ ಮೇಲೆ ಭಾರದ ಕಲ್ಲು ಇಟ್ಟರೆ ಸೀಳುತ್ತದೆ. ಸಬ್‌ವೂಫರನ್ನು ಬೇರೆಡೆಗೆ ಸರಿಸಿ, ಟೈಲನ್ನು ಮೇಸ್ತ್ರಿಯಿಂದ ಕೀಳಿಸಿ ಮತ್ತೆ ಹಾಕಿಸಿ.

ಲಕ್ಷಣ: ಹಾಡು ನಿಲ್ಲಿಸಿದರೂ ಗುಂಯ್ ಎನ್ನುತ್ತಲೇ ಇರುತ್ತದೆ

ಇದು ಕಂಪನದ ವಿಷಯವೇ ಅಲ್ಲ, ವಿದ್ಯುತ್ತಿನ ವಿಷಯ. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸ್‌ನದು. ಅದೇ ಸ್ವರವೋ ಅದರ ಇಮ್ಮಡಿಯಾದ 100 ಹರ್ಟ್ಸ್‌ನ ಸ್ವರವೋ ಸಬ್‌ವೂಫರ್‌ನಲ್ಲಿ ಕೇಳುತ್ತಿರುತ್ತದೆ. ಸಿಗ್ನಲ್ ಕೇಬಲನ್ನು ಸಬ್‌ವೂಫರ್‌ನಿಂದ ಬಿಚ್ಚಿ ನೋಡಿ. ಗುಂಯ್ ನಿಂತರೆ ದೋಷ ಹೊರಗಿನದು: ಕೇಬಲ್ ಹಾಳಾಗಿರಬಹುದು, ಅಥವಾ ಟಿವಿ, ಸೆಟ್‌ಟಾಪ್ ಬಾಕ್ಸ್ ಮತ್ತು ಸಬ್‌ವೂಫರ್ ಬೇರೆ ಬೇರೆ ಸಾಕೆಟ್‌ಗಳಲ್ಲಿದ್ದು, ಅವುಗಳ ಅರ್ಥ್ ತಂತಿಗಳೂ ಸಿಗ್ನಲ್ ಕೇಬಲ್ಲೂ ಸೇರಿ ಒಂದು ಸುತ್ತು (ಗ್ರೌಂಡ್ ಲೂಪ್) ಆಗಿರಬಹುದು. ಎಲ್ಲವನ್ನೂ ಒಂದೇ ಸಾಕೆಟ್‌ನ ಒಳ್ಳೆಯ ವಿಸ್ತರಣಾ ಬೋರ್ಡಿಗೆ ತನ್ನಿ. ಡಿಶ್ ಅಥವಾ ಕೇಬಲ್ ಟಿವಿಯ ತಂತಿಯನ್ನು ಬಿಚ್ಚಿ ನೋಡಿ. ಕೇಬಲ್ ಬಿಚ್ಚಿದ ಮೇಲೂ ಗುಂಯ್ ನಿಲ್ಲದಿದ್ದರೆ ದೋಷ ಸಬ್‌ವೂಫರ್‌ನ ಆಂಪ್ಲಿಫೈಯರ್‌ನಲ್ಲಿದೆ, ರಿಪೇರಿಯವರಿಗೆ ತೋರಿಸಿ. ಗುಂಯ್ ನಿಲ್ಲಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ, ಟೇಪ್ ಸುತ್ತುವ ಕೆಲಸವನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಆ ತಂತಿ ಇರುವುದು ನಿಮ್ಮ ಪ್ರಾಣ ಉಳಿಸುವುದಕ್ಕಾಗಿ.

ಲಕ್ಷಣ: ಸೋಫಾದ ಮೇಲೆ ಕುಳಿತರೆ ಎದೆ ಒತ್ತುವಷ್ಟು ಸದ್ದು, ಎರಡು ಹೆಜ್ಜೆ ಸರಿದರೆ ಏನೂ ಇಲ್ಲ

ಕೋಣೆಯ ಎದುರುಬದುರು ಗೋಡೆಗಳ ನಡುವೆ ತಗ್ಗು ಸ್ವರಗಳು ಹೋಗಿಬಂದು ಒಂದೆಡೆ ಕೂಡಿಕೊಂಡು ಉಬ್ಬುತ್ತವೆ, ಇನ್ನೊಂದೆಡೆ ಪರಸ್ಪರ ಕಳೆದುಕೊಳ್ಳುತ್ತವೆ. 12 ಅಡಿ ಉದ್ದದ ಕೋಣೆಯಲ್ಲಿ ಇದು ಸುಮಾರು 47 ಹರ್ಟ್ಸ್‌ನಲ್ಲಿಯೂ 10 ಅಡಿಯ ಕೋಣೆಯಲ್ಲಿ ಸುಮಾರು 56 ಹರ್ಟ್ಸ್‌ನಲ್ಲಿಯೂ ಮೊದಲು ಕಾಣಿಸಿಕೊಳ್ಳುತ್ತದೆ. ಹಾಡಿನ ಬಾಸ್ ಗಿಟಾರ್ ಓಡಾಡುವ ಜಾಗವೇ ಅದು. ಮೂಲೆಗೆ ತಳ್ಳಿಟ್ಟ ಸಬ್‌ವೂಫರ್ ಈ ಉಬ್ಬನ್ನು ಇನ್ನಷ್ಟು ಹೆಚ್ಚಿಸುತ್ತದೆ.

ನೀವು ಕೂರುವ ಜಾಗದಲ್ಲಿ ಸಬ್‌ವೂಫರನ್ನು ಇಟ್ಟು, ಬಾಸ್ ಹೆಚ್ಚಿರುವ ಒಂದು ಹಾಡು ಹಾಕಿ, ಗೋಡೆಯುದ್ದಕ್ಕೂ ಬಗ್ಗಿ ನಡೆಯುತ್ತಾ ಕೇಳಿ. ಸದ್ದು ಸಮವಾಗಿ, ಬಿಗಿಯಾಗಿ ಕೇಳುವ ಜಾಗವೇ ಸಬ್‌ವೂಫರ್‌ಗೆ ಸರಿಯಾದ ಜಾಗ. ಬಳಿಕ ಕ್ರಾಸ್‌ಓವರನ್ನು (ಯಾವ ಸ್ವರದಿಂದ ಕೆಳಗಿನದು ಸಬ್‌ವೂಫರ್‌ಗೆ ಎಂದು ನಿರ್ಧರಿಸುವ ಗುಂಡಿ) 80 ಹರ್ಟ್ಸ್‌ನ ಆಸುಪಾಸಿಗೆ ತಂದು, ಫೇಸ್ ಸ್ವಿಚ್ಚನ್ನು (ಸಬ್‌ವೂಫರ್‌ನ ಅಲೆಯನ್ನು ತಿರುಗುಮುರುಗು ಮಾಡುವುದು) ಎರಡೂ ಕಡೆ ಹಾಕಿ ನೋಡಿ, ಗೇನ್ (ಸಬ್‌ವೂಫರ್‌ನ ಸದ್ದಿನ ಮಟ್ಟ) ತಗ್ಗಿಸಿ. ಅದುರುವಿಕೆಯ ದೂರುಗಳಲ್ಲಿ ಹಲವು ಇಷ್ಟರಿಂದಲೇ ಬಗೆಹರಿಯುತ್ತವೆ ಎನ್ನುವುದು ನನ್ನ ಅನುಭವ. ಇಲ್ಲಿಯೂ ಕಲ್ಲಿಗೆ ಕೆಲಸವಿಲ್ಲ.

ಲಕ್ಷಣ: ನೆಲ ಅದುರುವುದು ಕಾಲಿಗೆ ತಿಳಿಯುತ್ತದೆ, ಕೆಳಮನೆಯವರು ದೂರುತ್ತಾರೆ

ಕಲ್ಲಿನ ಮಾತು ಬರುವುದು ಇಲ್ಲಿ. ನನಗೆ ಈ ಪಾಠ ಕಲಿಸಿದವರು ನಮ್ಮ ಕೆಳಮನೆಯ ಅಜ್ಜಿ. ಒಂದು ಸಂಜೆ ಮೆಟ್ಟಿಲ ಬಳಿ ಸಿಕ್ಕಾಗ ಅವರು, "ನಿಮ್ಮನೆ ಹಾಡು ನಂಗೆ ಕೇಳಿಸೋದಿಲ್ಲಪ್ಪ, ಆದ್ರೆ ಮಂಚ ನಡುಗುತ್ತೆ" ಎಂದರು. ಆ ಹೊತ್ತಿಗೆ ಎರಡು ಅಡಿ ಚೌಕದ ಕರಿಕಲ್ಲಿನ ಚಪ್ಪಡಿ ತಂದು ಟೈಲ್ಸ್ ಮೇಲೆ ಹಾಸಿ, ಅದರ ಮೇಲೆ ಸಬ್‌ವೂಫರ್ ಇಟ್ಟು, ನನ್ನ ಕೆಲಸ ಮುಗಿಯಿತೆಂದು ನಾನು ತಿಳಿದಿದ್ದೆ. ಮಗನಿಗೆ ಮೇಲೆ ಅದೇ ಸಿನಿಮಾ ಹಾಕಲು ಹೇಳಿ ಅಜ್ಜಿಯ ಕೋಣೆಯಲ್ಲಿ ಹೋಗಿ ಕುಳಿತೆ. ಕಿಟಕಿಯ ಗಾಜು ಮುಟ್ಟಿದರೆ ತಣ್ಣಗೆ ಸುಮ್ಮನಿತ್ತು. ಗೋಡೆಗೆ ತಾಗಿದ್ದ ಮಂಚದ ಕಬ್ಬಿಣದ ಕಾಲನ್ನು ಹಿಡಿದರೆ ಬೆರಳಿಗೆ ಜುಮ್ಮೆನ್ನುವ ನಡುಕ ಸ್ಪಷ್ಟವಾಗಿ ಸಿಗುತ್ತಿತ್ತು. ಸದ್ದು ಕೇಳದೆ ಮಂಚ ಮಾತ್ರ ನಡುಗುತ್ತದೆ ಎಂದರೆ ಕಂಪನ ಕಟ್ಟಡದ ಮೂಲಕವೇ ಇಳಿಯುತ್ತಿದೆ. ಅಜ್ಜಿಯ ಒಂದು ಮಾತಿನಲ್ಲಿಯೇ ಇಡೀ ರೋಗನಿದಾನವಿತ್ತು.

ನಿಮ್ಮ ಮನೆಯಲ್ಲಿಯೂ ಹಾಗೆಯೇ ಆಗುತ್ತಿದೆಯೇ ಎಂದು ತಿಳಿಯಲು ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆಯಿದೆ. ಸಬ್‌ವೂಫರನ್ನು ಆರಿಸಿ, ಪ್ಲಗ್ ಕಿತ್ತು, ಇಬ್ಬರು ಸೇರಿ ಎತ್ತಿ, ಅದೇ ಜಾಗದಲ್ಲಿ ಸೋಫಾದ ದಪ್ಪ ಫೋಮ್ ದಿಂಬನ್ನೂ ಅದರ ಮೇಲೊಂದು ಹಲಗೆಯನ್ನೂ ಇಟ್ಟು, ಹಲಗೆಯ ಮೇಲೆ ಸಬ್‌ವೂಫರನ್ನು ಅದರ ಕಾಲುಗಳ ಮೇಲೆಯೇ ನಿಲ್ಲಿಸಿ. ಕೆಳಮುಖವಾಗಿ ಸದ್ದು ಬಿಡುವ ಮಾದರಿಯಾದರೆ ಹಲಗೆ ಬೇಕೇ ಬೇಕು, ಇಲ್ಲದಿದ್ದರೆ ಬಾಯಿ ಮುಚ್ಚಿಹೋಗುತ್ತದೆ. ಸದ್ದಿನ ಮಟ್ಟ ಬದಲಿಸದೆ ಅದೇ ಹಾಡನ್ನು ಐದು ನಿಮಿಷ ನುಡಿಸಿ, ಒಬ್ಬರು ಪೆಟ್ಟಿಗೆ ಅಲುಗಾಡದಂತೆ ಪಕ್ಕದಲ್ಲಿ ನಿಂತಿರಲಿ. ನೆಲದ ನಡುಕ ಅಥವಾ ಕೆಳಮನೆಯ ನಡುಕ ಎದ್ದುಕಾಣುವಷ್ಟು ಇಳಿದರೆ, ಕಲ್ಲು ಮತ್ತು ರಬ್ಬರ್ ನಿಮಗೆ ಉಪಯೋಗಕ್ಕೆ ಬರುತ್ತವೆ. ಏನೂ ಬದಲಾಗದಿದ್ದರೆ ಸದ್ದು ಗಾಳಿಯಲ್ಲಿ ಹೋಗುತ್ತಿದೆ, ಕಲ್ಲಿಗೆ ದುಡ್ಡು ಹಾಕಬೇಡಿ.

ಕಲ್ಲನ್ನು ನೇರವಾಗಿ ನೆಲದ ಮೇಲೆ ಹಾಸಿದರೆ ಏಕೆ ಪ್ರಯೋಜನವಿಲ್ಲ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಎರಡು ಅಡಿ ಚೌಕದ, 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಸುಮಾರು 20 ಕೆ.ಜಿ. ತೂಗುತ್ತದೆ. 10 ಅಡಿಗೆ 12 ಅಡಿ ಕೋಣೆಯ ಐದು ಇಂಚಿನ ಆರ್‌ಸಿಸಿ ನೆಲವೊಂದೇ ಸುಮಾರು ಮೂರೂವರೆ ಟನ್ ಭಾರವಿರುತ್ತದೆ. ಮೂರೂವರೆ ಟನ್ನನ್ನು ಅಲುಗಿಸುತ್ತಿರುವ ಕಂಪನಕ್ಕೆ 20 ಕೆ.ಜಿ. ಹೆಚ್ಚಾದರೆ ಲೆಕ್ಕಕ್ಕೇ ಬರುವುದಿಲ್ಲ. ಗಟ್ಟಿ ಕಲ್ಲು ಗಟ್ಟಿ ನೆಲಕ್ಕೆ ತಾಗಿದಾಗ ಕಂಪನ ತಡೆಯಿಲ್ಲದೆ ದಾಟುತ್ತದೆ.

ಅದೇ ಕಲ್ಲಿನ ಕೆಳಗೆ ರಬ್ಬರ್ ಇಟ್ಟಾಗ ಲೆಕ್ಕವೇ ಬೇರೆಯಾಗುತ್ತದೆ. ಭಾರ ಮತ್ತು ಸ್ಪ್ರಿಂಗ್ (ಇಲ್ಲಿ ರಬ್ಬರ್) ಸೇರಿದಾಗ ಆ ಜೋಡಿಗೆ ತನ್ನದೇ ಒಂದು ಸಹಜ ಆವೃತ್ತಿ ಬರುತ್ತದೆ. ಅದರ ಸುಮಾರು ಒಂದೂವರೆ ಪಟ್ಟಿಗಿಂತ ಮೇಲಿನ ಸ್ವರಗಳು ನೆಲಕ್ಕೆ ಇಳಿಯುವುದು ಕಡಿಮೆಯಾಗುತ್ತಾ ಹೋಗುತ್ತದೆ. ಆ ಆವೃತ್ತಿಯಲ್ಲಿಯೇ ಬರುವ ಸ್ವರ ಮಾತ್ರ ಮೊದಲಿಗಿಂತ ಹೆಚ್ಚಾಗಿ ಇಳಿಯುತ್ತದೆ. ಸಹಜ ಆವೃತ್ತಿ ಎಷ್ಟೆಂಬುದನ್ನು ರಬ್ಬರ್ ಎಷ್ಟು ಕುಗ್ಗಿತು ಎಂಬುದರಿಂದ ಅಂದಾಜು ಮಾಡಬಹುದು. ಪೂರ್ತಿ ಭಾರ ಹೇರಿದಾಗ ರಬ್ಬರ್ 1 ಮಿಲಿಮೀಟರ್ ಕುಗ್ಗಿದರೆ ಅದು ಸುಮಾರು 16 ಹರ್ಟ್ಸ್, 4 ಮಿಲಿಮೀಟರ್ ಕುಗ್ಗಿದರೆ ಸುಮಾರು 8 ಹರ್ಟ್ಸ್. 30 ಹರ್ಟ್ಸ್‌ನ ಸ್ವರವನ್ನೇ ತೆಗೆದುಕೊಂಡರೆ, ಮೊದಲನೆಯದರಲ್ಲಿ ಅದರ ಒತ್ತಡದ ನೂರಕ್ಕೆ ಸುಮಾರು 40 ಭಾಗ ನೆಲಕ್ಕೆ ಇಳಿಯುತ್ತದೆ, ಎರಡನೆಯದರಲ್ಲಿ ಸುಮಾರು 8 ಭಾಗ ಮಾತ್ರ. ನಿಜವಾದ ರಬ್ಬರ್ ಕಂಪನದ ವೇಗಕ್ಕೆ ಸ್ವಲ್ಪ ಹೆಚ್ಚು ಬಿಗಿಯಾಗಿ ವರ್ತಿಸುವುದರಿಂದ ಫಲ ಇಷ್ಟು ಚೊಕ್ಕವಾಗಿರದು, ಆದರೆ ದಿಕ್ಕು ಇದೇ. ಕಲ್ಲಿನ ನಿಜವಾದ ಕೆಲಸ ಇಲ್ಲಿದೆ: ತನ್ನ ಭಾರದಿಂದ ರಬ್ಬರನ್ನು ಸಾಕಷ್ಟು ಕುಗ್ಗಿಸುವುದು ಮತ್ತು ಪೆಟ್ಟಿಗೆ ಹಿಂದೆಮುಂದೆ ತೂಗಾಡದಂತೆ ಹಿಡಿದಿಡುವುದು.

ನಾನು ಮಾಡಿದ್ದು ಇಷ್ಟೇ. ಕಲ್ಲಿನ ನಾಲ್ಕು ಮೂಲೆಗಳಿಗಿಂತ ಸ್ವಲ್ಪ ಒಳಗೆ ನಾಲ್ಕು ಮೆತ್ತನೆಯ ರಬ್ಬರ್ ತುಂಡುಗಳನ್ನು ಇಟ್ಟೆ. ಕಲ್ಲಿಡುವ ಮೊದಲು ತುಂಡಿನ ಎತ್ತರವನ್ನು ಸ್ಕೇಲಿನಿಂದ ಅಳೆದೆ, ಕಲ್ಲು ಮತ್ತು ಸಬ್‌ವೂಫರ್ ಇಟ್ಟ ಮೇಲೆ ಕಲ್ಲಿಗೂ ನೆಲಕ್ಕೂ ಉಳಿದ ಸಂದನ್ನು ಅಳೆದೆ. ಮೂರು ಮಿಲಿಮೀಟರ್‌ನಷ್ಟು ಕುಗ್ಗಿತ್ತು. ಮತ್ತೆ ಕೆಳಗೆ ಹೋಗಿ ಮಂಚದ ಕಾಲು ಹಿಡಿದರೆ ನಡುಕ ಸಿಗಲಿಲ್ಲ. ಜೋರು ದೃಶ್ಯಗಳ ಗುಡುಗು ದೂರದಲ್ಲಿ ಕೇಳುತ್ತಿತ್ತು, ಅದು ಗಾಳಿಯ ಪಾಲು.

ರಬ್ಬರ್ ಪ್ಯಾಡಿಗೆ ಬದಲಾಗಿ ಮಕ್ಕಳ ಸೈಕಲ್ಲಿನ ಟ್ಯೂಬನ್ನು ಅರ್ಧಂಬರ್ಧ ಗಾಳಿ ತುಂಬಿ ಕಲ್ಲಿನಡಿ ಹಾಸುವವರೂ ಇದ್ದಾರೆ. ಅಗ್ಗದ ವಿಧಾನ, ಮತ್ತು ಗಾಳಿ ಬಹಳ ಮೆತ್ತನೆಯ ಸ್ಪ್ರಿಂಗ್ ಆದ್ದರಿಂದ ಒಳ್ಳೆಯ ಫಲವನ್ನೇ ಕೊಡುತ್ತದೆ. ವಾಲ್ವ್ ಹೊರಗೆ ಚಾಚಿರಲಿ, ಕಲ್ಲು ಒಂದು ಕಡೆಗೆ ವಾಲದಿರಲಿ, ಗಾಳಿ ಇಳಿದಿದೆಯೇ ಎಂದು ಆಗಾಗ ನೋಡುತ್ತಿರಿ. ಎತ್ತರದ, ತಳ ಕಿರಿದಾದ ಸಬ್‌ವೂಫರ್ ಇರುವ ಮನೆಯಲ್ಲಿ, ಅದರಲ್ಲೂ ಹಿಡಿದು ನಿಲ್ಲುವ ವಯಸ್ಸಿನ ಮಗುವಿದ್ದರೆ, ಈ ವಿಧಾನ ಬೇಡ.

ಲಕ್ಷಣ: ಕಲ್ಲು ಹಾಕಿದ ಮೇಲೆ ಅದುರುವಿಕೆ ಹೆಚ್ಚಾಗಿದೆ

ಮೊದಲು ಸಬ್‌ವೂಫರನ್ನು ಮೂಲೆಗಳಲ್ಲಿ ಒತ್ತಿ ನೋಡಿ. ಪಾಲಿಶ್ ಮಾಡಿದ ಕಲ್ಲಿನ ಮೇಲೆ ಒಂದು ಕಾಲು ಕೂದಲೆಳೆಯಷ್ಟು ಎತ್ತರದಲ್ಲಿದ್ದರೂ ಅದು ಟಕಟಕ ಎನ್ನುತ್ತದೆ. ಆ ಕಾಲಿನಡಿ ತೆಳು ರಬ್ಬರ್ ಚೂರು ಸಾಕು. ಕಲ್ಲು ಗೋಡೆಗೋ ಸ್ಕರ್ಟಿಂಗಿಗೋ ತಾಗಿದ್ದರೆ ಒಂದು ಬೆರಳು ಸರಿಸಿ, ಏಕೆಂದರೆ ಒಂದೇ ಕಡೆ ತಾಗಿದರೂ ರಬ್ಬರಿನ ಶ್ರಮವೆಲ್ಲ ಹಾಳಾಗುತ್ತದೆ.

ಇವೆರಡೂ ಅಲ್ಲವಾದರೆ ರಬ್ಬರ್ ತುಂಬ ಗಟ್ಟಿಯಿದೆ. ಭಾರಕ್ಕೆ ಅದು 0.1 ಮಿಲಿಮೀಟರ್ ಮಾತ್ರ ಕುಗ್ಗಿದರೆ ಸಹಜ ಆವೃತ್ತಿ 50 ಹರ್ಟ್ಸ್‌ಗೆ ಬಂದು ನಿಲ್ಲುತ್ತದೆ, ಅಂದರೆ ಬಾಸ್‌ನ ನಟ್ಟನಡುವೆ. ಆಗ ತಡೆಯಬೇಕಾದ ಸ್ವರವನ್ನೇ ಅದು ಹಿಗ್ಗಿಸಿ ನೆಲಕ್ಕೆ ಕೊಡುತ್ತದೆ. ಏಸಿಯ ಹೊರಘಟಕಕ್ಕೋ ವಾಷಿಂಗ್ ಮೆಷಿನ್‌ಗೋ ಮಾಡಿದ ಪ್ಯಾಡುಗಳನ್ನು ಹಗುರವಾದ ಸಬ್‌ವೂಫರ್‌ಗೆ ಹಾಕಿದಾಗ ಹೀಗಾಗುವುದುಂಟು. ಅವನ್ನು ಅದಕ್ಕಿಂತ ಹೆಚ್ಚಿನ ಭಾರಕ್ಕೆಂದು ಮಾಡಿರುತ್ತಾರೆ. ಅದೇ ಪ್ಯಾಡನ್ನು ಸಣ್ಣ ಚೂರುಗಳಾಗಿ ಕತ್ತರಿಸಿ ಹಾಕಿದರೆ ಪ್ರತಿ ಚೂರಿನ ಮೇಲೆ ಒತ್ತಡ ಹೆಚ್ಚಿ ಸಾಕಷ್ಟು ಕುಗ್ಗುತ್ತದೆ. ಸಬ್‌ವೂಫರ್‌ಗೆ ಮೊನಚಾದ ಲೋಹದ ಕಾಲುಗಳಿದ್ದರೆ ಅವು ಪೆಟ್ಟಿಗೆಯನ್ನು ಕಲ್ಲಿಗೆ ಬಿಗಿಯಾಗಿ ಜೋಡಿಸುತ್ತವೆಯೇ ಹೊರತು ಕಂಪನವನ್ನು ತಡೆಯುವುದಿಲ್ಲ.

ಮರದ ಅಟ್ಟದ ಮನೆಗಳು

ಮಲೆನಾಡಿನ ಹಳೆಯ ಮನೆಗಳ ಉಪ್ಪರಿಗೆಯಂತಹ ಮರದ ಹಲಗೆಯ ನೆಲಕ್ಕೆ ಮೇಲಿನ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ನೆಲವೇ ಹಗುರವಾಗಿದ್ದು ತಾನೇ ಪುಟಿಯುವುದರಿಂದ ಭಾರದ ಕಲ್ಲು ಒಂದೇ ಇದ್ದರೂ ಹಲಗೆಯ ಅದುರು ಕೈಗೆ ತಿಳಿಯುವಷ್ಟು ಇಳಿಯುತ್ತದೆ. ಕಲ್ಲನ್ನು ಕನಿಷ್ಠ ಎರಡು ತೊಲೆಗಳ ಮೇಲೆ ಭಾರ ಬೀಳುವಂತೆ, ಗೋಡೆಯ ಸಮೀಪದಲ್ಲಿ ಇಡಿ. ಆದರೆ ತೊಲೆಗೆ ಗೆದ್ದಲು ಹಿಡಿದಿದೆಯೇ, ಗೋಡೆಯೊಳಗೆ ಹೊಕ್ಕಿರುವ ತುದಿ ಮೆತ್ತಗಾಗಿದೆಯೇ ಎಂದು ಬಡಗಿಯಿಂದ ನೋಡಿಸದೆ ಅಟ್ಟಕ್ಕೆ ಕಲ್ಲು ಏರಿಸಬೇಡಿ. ಆರ್‌ಸಿಸಿ ನೆಲಕ್ಕೆ ಇಂಥ ಚಿಂತೆಯಿಲ್ಲ: ವಾಸದ ಕೋಣೆಗಳನ್ನು ಚದರ ಮೀಟರಿಗೆ ಸುಮಾರು 200 ಕೆ.ಜಿ. ಹೆಚ್ಚುವರಿ ಭಾರ ತಾಳುವಂತೆ ವಿನ್ಯಾಸ ಮಾಡಬೇಕೆಂದು ಭಾರತೀಯ ಮಾನಕ ಐಎಸ್ 875 ಹೇಳುತ್ತದೆ. ಒಂದು ಚಪ್ಪಡಿ, ಒಂದು ಸಬ್‌ವೂಫರ್ ಅದರೊಳಗೇ ಸಲೀಸಾಗಿ ಬರುತ್ತವೆ.

ಲಕ್ಷಣ: ಪೆಟ್ಟಿಗೆಯೊಳಗಿನಿಂದಲೇ ಕೆರೆಯುವ, ಬಡಿಯುವ ಸದ್ದು

ಪ್ಲಗ್ ಕಿತ್ತು, ಜಾಲರಿ ತೆಗೆದು, ಕೋನಿನ (ಕಂಪಿಸಿ ಸದ್ದು ಹೊರಡಿಸುವ ಬಟ್ಟಲಿನಂಥ ಭಾಗ) ಸುತ್ತಲಿನ ತಿರುಪುಗಳು ಸಡಿಲವಾಗಿದ್ದರೆ ಹದವಾಗಿ ಬಿಗಿ ಮಾಡಿ. ಎರಡೂ ಕೈಗಳ ಬೆರಳುಗಳನ್ನು ಕೋನಿನ ಎದುರುಬದುರು ಇಟ್ಟು ಮೆಲ್ಲಗೆ, ನೇರವಾಗಿ ಒಳಗೊತ್ತಿ ಬಿಡಿ. ಮರಳು ಕೆರೆದಂತೆ ಸದ್ದು ಬಂದರೆ ವಾಯ್ಸ್ ಕಾಯಿಲ್ ಉಜ್ಜುತ್ತಿದೆ. ಅಂಚಿನ ಫೋಮ್ ಪುಡಿಯಾಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಹಿಂಭಾಗದ ಲೋಹದ ಫಲಕ ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ರಿಪೇರಿಯವರಿಗೆ ಒಯ್ಯಿರಿ. ಆ ಫಲಕವನ್ನು ನೀವೇ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ಅಪಾಯಕಾರಿ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು.

ಕಲ್ಲು ಕೊಳ್ಳುವಾಗ, ಹೊರುವಾಗ

ಕಡಪ ಕಲ್ಲು, ಶಹಾಬಾದ್ ಕಲ್ಲು, ಗ್ರಾನೈಟ್, ಯಾವುದಾದರೂ ಆದೀತು. ಇಲ್ಲಿ ಬೇಕಿರುವುದು ಭಾರ, ಬಣ್ಣವಲ್ಲ. ಅಳತೆ ಸಬ್‌ವೂಫರ್‌ನ ತಳಕ್ಕಿಂತ ಎಲ್ಲ ಕಡೆಯೂ ಎರಡು ಮೂರು ಇಂಚು ಹೆಚ್ಚಿರಲಿ. ಅಂಚನ್ನು ಅಂಗಡಿಯಲ್ಲಿಯೇ ಮೊಂಡು ಮಾಡಿಸಿ, ಪಾಲಿಶ್ ಮಾಡಿಸಿಕೊಳ್ಳಿ. ಹಾಗೇ ಬಿಟ್ಟ ಅಂಚು ಕಾಲಿನ ಹೆಬ್ಬೆರಳನ್ನು ಸೀಳುತ್ತದೆ. ಗ್ರೈಂಡರ್ ತಂದು ಮನೆಯಲ್ಲಿ ಒಣದಾಗಿ ಕತ್ತರಿಸುವ ಯೋಚನೆ ಬೇಡವೇ ಬೇಡ. ಗ್ರಾನೈಟಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶ ಸೇರಿದರೆ ಅಲ್ಲಿಯೇ ಉಳಿಯುತ್ತದೆ, ಸಿಲಿಕೋಸಿಸ್‌ಗೆ ಅದೇ ಕಾರಣ. ನೀರು ಹಾಯಿಸಿ ಕತ್ತರಿಸುವ ಯಂತ್ರವಿರುವ ಕಡೆಯೇ ಕೊಯ್ಯಿಸಿ.

ಚಪ್ಪಡಿಯನ್ನು ತಟ್ಟೆಯಂತೆ ಅಡ್ಡಲಾಗಿ ಹಿಡಿದು ಒಯ್ದರೆ ನಡುವೆ ಬಿರುಕು ಬಿಡಬಹುದು. ಕಲ್ಲಿನ ಕೆಲಸದವರು ಹೊರುವಂತೆ ನಿಲ್ಲಿಸಿಯೇ ಹೊರಬೇಕು. ಇಬ್ಬರು ಬೇಕು, ಮುಚ್ಚಿದ ಚಪ್ಪಲಿ ಅಥವಾ ಶೂ ಬೇಕು, ಮತ್ತು ಇಳಿಸುವಾಗ ಬೆರಳು ಸಿಕ್ಕದಂತೆ ಅಡಿಯಲ್ಲಿ ಎರಡು ಮರದ ತುಂಡುಗಳಿರಬೇಕು. ಕೆಲಸ ಅರ್ಧಕ್ಕೆ ನಿಂತರೆ ಕಲ್ಲನ್ನು ಗೋಡೆಗೆ ಒರಗಿಸಿ ಬಿಟ್ಟುಹೋಗಬೇಡಿ, ಮಲಗಿಸಿ ಹೋಗಿ. ವಿದ್ಯುತ್ ತಂತಿ ಕಲ್ಲಿನಡಿ ಹಾಯದಂತೆ ನೋಡಿಕೊಳ್ಳಿ.

ಲಕ್ಷಣ: ಇಷ್ಟೆಲ್ಲ ಮಾಡಿದರೂ ನೆರೆಯವರಿಗೆ ಕೇಳುತ್ತದೆ

ಉಳಿದದ್ದು ಗಾಳಿಯಲ್ಲಿ ಹೋಗುವ ಸದ್ದು. 40 ಹರ್ಟ್ಸ್‌ನ ಅಲೆಯೊಂದರ ಉದ್ದ ಎಂಟೂವರೆ ಮೀಟರ್. ಗೋಡೆಗೆ ಅಂಟಿಸುವ ತೆಳು ಫೋಮ್ ಹಾಳೆಗಳು ಅದನ್ನು ತಡೆಯಲಾರವು. ಫೋನಿನ ಡೆಸಿಬಲ್ ಆ್ಯಪ್ ತೋರಿಸಿ ವಾದಿಸುವುದೂ ಸರಿಯಲ್ಲ. ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಆದರೆ ಆ ಅಳತೆಯನ್ನು ಕಿವಿಯ ಸೂಕ್ಷ್ಮತೆಗೆ ಹೊಂದಿಸಿದ ಎ ಮಾಪನದಲ್ಲಿ ಮಾಡುತ್ತಾರೆ, ಮತ್ತು ಆ ಮಾಪನವು 40 ಹರ್ಟ್ಸ್‌ನ ಸ್ವರವನ್ನು ಸುಮಾರು 35 ಡೆಸಿಬಲ್‌ನಷ್ಟು ಕಡಿಮೆಯಾಗಿ ತೋರಿಸುತ್ತದೆ. ಮೀಟರಿನಲ್ಲಿ ಅಂಕಿ ಸಣ್ಣದಿದ್ದರೂ ಆಚೆ ಮನೆಯವರ ನಿದ್ದೆ ಕೆಡುತ್ತಿರುವುದು ನಿಜವೇ ಆಗಿರಬಹುದು. ಅವರ ಕೋಣೆಗೇ ಹೋಗಿ, ಅವರು ಮಲಗುವ ಜಾಗದಲ್ಲಿ ನಿಂತು ಕೇಳಿ.

ನಿಯಮಗಳ ಪ್ರಕಾರ ರಾತ್ರಿಯೆಂದರೆ 10ರಿಂದ ಬೆಳಗಿನ 6. ಆ ಹೊತ್ತಿಗೆ ರಿಸೀವರಿನಲ್ಲಿರುವ (ಸ್ಪೀಕರ್‌ಗಳನ್ನು ನಡೆಸುವ ಪೆಟ್ಟಿಗೆ) ನೈಟ್ ಮೋಡ್, ಅಂದರೆ ಜೋರು ಸದ್ದನ್ನು ತಗ್ಗಿಸುವ ವ್ಯವಸ್ಥೆ, ಹಾಕಿ, ಇಲ್ಲವೇ ಸಬ್‌ವೂಫರನ್ನೇ ಆರಿಸಿ. ನಮ್ಮ ಮನೆಯಲ್ಲಿ ಅಜ್ಜಿ ಮಲಗುವುದು ಒಂಬತ್ತಕ್ಕಾದ್ದರಿಂದ ಒಂಬತ್ತಕ್ಕೇ ಆರಿಸುತ್ತೇವೆ. ಯಾವ ಹೊತ್ತಿನಲ್ಲೂ ಜೋರಾಗಿ ಕೇಳಲೇಬೇಕೆಂದಿದ್ದರೆ, ಕೋಣೆಯ ನೆಲ, ಗೋಡೆ, ಚಾವಣಿಗಳನ್ನು ಕಟ್ಟಡದಿಂದ ಬೇರ್ಪಡಿಸಿ ಕಟ್ಟುವ ಕೆಲಸವಾಗುತ್ತದೆ. ಅದನ್ನು ಧ್ವನಿವಿನ್ಯಾಸ ಬಲ್ಲ ಎಂಜಿನಿಯರ್ ಅಳತೆ ಮಾಡಿ ಹೇಳದೆ ಆರಂಭಿಸಬಾರದು, ಮತ್ತು ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದೇ ಗೋಡೆ ಮುಟ್ಟಬೇಕು.